ಮಂಗಳ ಗ್ರಹದವರು ಬರಲೇ ಇಲ್ಲ, ಆದರೆ ಆನೆ ಬರುತ್ತದೆ: ಒಂದು ರೇಡಿಯೊ ನಾಟಕದಿಂದ ನಮ್ಮ ವಾಟ್ಸಾಪ್ ಗ್ರೂಪುಗಳು ಕಲಿಯಬೇಕಾದದ್ದು

ಬಿಕ್ಕೋಡು ಸುತ್ತಮುತ್ತಲ ಊರುಗಳಲ್ಲಿ ಬೆಳಿಗ್ಗೆ ತೋಟದ ಕೆಲಸಕ್ಕೆ ಹೊರಡುವ ಮುಂಚೆ ಜನ ಒಂದು ಸಲ ಫೋನ್ ತೆಗೆದು ನೋಡುತ್ತಾರೆ. ಆನೆ ಯಾವ ತೋಟದಲ್ಲಿದೆ, ರಾತ್ರಿ ಯಾವ ರಸ್ತೆ ದಾಟಿದೆ, ಒಂಟಿಯೋ ಗುಂಪೋ ಎಂಬ ಸುದ್ದಿ ಗ್ರೂಪಿಗೆ ಬಂದಿರುತ್ತದೆ. ಅದರಲ್ಲಿ ಬರೆದು ಹಾಕುವವರು ಕಡಿಮೆ. ಹೆಚ್ಚಿನವು ವಾಯ್ಸ್ ಮೆಸೇಜ್.

"ಅಣ್ಣ, ಇವತ್ತು ಬೆಳಿಗ್ಗೆ ಇಲ್ಲೇ ರೋಡಲ್ಲಿ ಐದು ಆನೆ ನಿಂತವೆ ಕಣಣ್ಣ, ಯಾರೂ ಈ ಕಡೆ ಬರಬೇಡಿ."

ಇಂಥ ಮೆಸೇಜ್ ನಿಮ್ಮ ಫೋನಿಗೂ ಬಂದಿರುತ್ತದೆ. ದನಿಯಲ್ಲಿ ಗಾಬರಿ ಇರುತ್ತದೆ, ಹಿಂದೆ ನಾಯಿ ಬೊಗಳುವುದು, ಯಾರೋ ಕೂಗುವುದು ಕೇಳುತ್ತದೆ. ನಂಬದೆ ಇರುವುದು ಹೇಗೆ? ಆದರೆ ಇನ್ನೊಂದು ಸಲ ಕೇಳಿ ನೋಡಿ. "ಇವತ್ತು" ಎಂದರೆ ಯಾವತ್ತು? "ಇಲ್ಲೇ" ಎಂದರೆ ಎಲ್ಲಿ? ಮಾತಾಡುತ್ತಿರುವವರು ಯಾರು? ಆ ಮೆಸೇಜನ್ನು ಆರು ತಿಂಗಳು ಬಿಟ್ಟು ಕೇಳಿದರೂ ಅದರಲ್ಲಿ "ಇವತ್ತು" ಎಂದೇ ಇರುತ್ತದೆ. ಸಕಲೇಶಪುರದಲ್ಲಿ ಕೇಳಿದರೂ, ಆಲೂರಿನಲ್ಲಿ ಕೇಳಿದರೂ "ಇಲ್ಲೇ" ಎಂದೇ ಇರುತ್ತದೆ.

ದನಿಯನ್ನು ನಾವು ಯಾಕೆ ಇಷ್ಟು ಸುಲಭವಾಗಿ ನಂಬುತ್ತೇವೆ? ಇದಕ್ಕೆ ಉತ್ತರ ಹುಡುಕುವಾಗ ಅಮೆರಿಕದ ಒಂದು ರೇಡಿಯೊ ನಾಟಕದ ಕಥೆ ಬಹಳ ಉಪಯೋಗಕ್ಕೆ ಬರುತ್ತದೆ. ಪತ್ರಿಕೋದ್ಯಮ ಓದಿದವರು ಇದರ ಹೆಸರು ಕೇಳಿರುತ್ತಾರೆ. ಆದರೆ ಸಾಮಾನ್ಯವಾಗಿ ಹೇಳುವ ಕಥೆ ಅರ್ಧ ಮಾತ್ರ.

ಭಾನುವಾರ ರಾತ್ರಿ ಎಂಟು ಗಂಟೆ

1938ರ ಅಕ್ಟೋಬರ್ 30, ಭಾನುವಾರ. ಅಮೆರಿಕದ ಸಿಬಿಎಸ್ ರೇಡಿಯೊದಲ್ಲಿ 'ಮರ್ಕ್ಯುರಿ ಥಿಯೇಟರ್ ಆನ್ ದಿ ಏರ್' ಎಂಬ ನಾಟಕ ಸರಣಿ ಬರುತ್ತಿತ್ತು. ವಾರಕ್ಕೊಂದು ಕಾದಂಬರಿಯನ್ನು ಒಂದು ಗಂಟೆಯ ಬಾನುಲಿ ನಾಟಕ ಮಾಡುವುದು ಅವರ ಪದ್ಧತಿ. ಅಂದು ಹದಿನೇಳನೆಯ ಕಂತು. ಆರಿಸಿಕೊಂಡದ್ದು ಇಂಗ್ಲೆಂಡಿನ ಎಚ್.ಜಿ. ವೆಲ್ಸ್ 1898ರಲ್ಲಿ ಪ್ರಕಟಿಸಿದ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಎಂಬ ವೈಜ್ಞಾನಿಕ ಕಾದಂಬರಿ. ಮಂಗಳ ಗ್ರಹದವರು ಭೂಮಿಗೆ ದಾಳಿ ಇಡುವ ಕಥೆ. ನಾಟಕ ನಡೆಸಿದವನು ಆರ್ಸನ್ ವೆಲ್ಸ್. ಹೆಸರು ಒಂದೇ ಥರ ಇದ್ದರೂ ಕಾದಂಬರಿಕಾರನಿಗೂ ಇವನಿಗೂ ಸಂಬಂಧವಿಲ್ಲ. ಆಗ ಇವನಿಗೆ 23 ವರ್ಷ.

ಕಾದಂಬರಿಯನ್ನು ಇದ್ದಂತೆಯೇ ಓದಿದ್ದರೆ ಯಾರೂ ಬೆಚ್ಚುತ್ತಿರಲಿಲ್ಲ. ಅವರು ಅದನ್ನು ವಾರ್ತೆಯ ರೂಪಕ್ಕೆ ತಂದರು. ಮೊದಲು ಹವಾಮಾನ ವರದಿ. ಆಮೇಲೆ ಹೋಟೆಲಿನಿಂದ ನೇರ ಪ್ರಸಾರ ಎನ್ನುವಂತೆ ಸಂಗೀತ. ನಡುವೆ ಸಂಗೀತ ನಿಲ್ಲಿಸಿ, "ಈಗ ಬಂದ ಸುದ್ದಿ" ಎಂದು ಪ್ರಕಟಣೆ: ಮಂಗಳ ಗ್ರಹದಲ್ಲಿ ಸ್ಫೋಟಗಳು ಕಂಡಿವೆ. ಮತ್ತೆ ಸಂಗೀತ. ಮತ್ತೆ ಪ್ರಕಟಣೆ. ಒಬ್ಬ ಪ್ರಾಧ್ಯಾಪಕರ ಸಂದರ್ಶನ. ಆಮೇಲೆ ನ್ಯೂಜೆರ್ಸಿಯ ಗ್ರೋವರ್ಸ್ ಮಿಲ್ ಎಂಬ ಹಳ್ಳಿಯ ಹೊಲಕ್ಕೆ ಏನೋ ಬಿದ್ದಿದೆ ಎಂದು ವರದಿಗಾರನ ನೇರ ವರದಿ. ಅವನು ಮಾತಾಡುತ್ತಿರುವಾಗಲೇ ಬೆಂಕಿಯ ಕಿರಣ ಹೊರಡುತ್ತದೆ, ಜನ ಕಿರುಚುತ್ತಾರೆ, ಇದ್ದಕ್ಕಿದ್ದಂತೆ ಮೈಕು ಸತ್ತು ನಿಶ್ಶಬ್ದ.

ಗ್ರೋವರ್ಸ್ ಮಿಲ್ ನಿಜವಾಗಿಯೂ ಇರುವ ಊರು. ನಾಟಕ ಬರೆದ ಹೋವರ್ಡ್ ಕಾಕ್ ಕಣ್ಣು ಮುಚ್ಚಿ ಭೂಪಟದ ಮೇಲೆ ಪೆನ್ಸಿಲ್ ಇಟ್ಟಾಗ ಆ ಊರು ಸಿಕ್ಕಿತೆಂದು ಆಮೇಲೆ ಹೇಳಿದ್ದಾನೆ. ವರದಿಗಾರನ ಪಾತ್ರ ಮಾಡಿದ ಫ್ರ್ಯಾಂಕ್ ರೀಡಿಕ್, 1937ರ ಮೇ ತಿಂಗಳಲ್ಲಿ ಹಿಂಡೆನ್‌ಬರ್ಗ್ ಎಂಬ ವಾಯುನೌಕೆ ಹೊತ್ತಿ ಉರಿದಾಗ ನಿಜವಾದ ವರದಿಗಾರ ಅಳುತ್ತಾ ಮಾತಾಡಿದ ಧ್ವನಿಮುದ್ರಣವನ್ನು ಮತ್ತೆ ಮತ್ತೆ ಕೇಳಿ, ಅದೇ ದನಿ ತಂದುಕೊಂಡ. ಇನ್ನೊಬ್ಬ ನಟ ಮಂತ್ರಿಯ ಪಾತ್ರದಲ್ಲಿ ಮಾತಾಡಿದ, ಆದರೆ ದನಿ ಮಾತ್ರ ಅಧ್ಯಕ್ಷ ರೂಸ್‌ವೆಲ್ಟ್ ಅವರದ್ದರಂತೆಯೇ ಇತ್ತು.

ಅಂದರೆ ಸುಳ್ಳಿಗೆ ಬೇಕಾದದ್ದೆಲ್ಲ ನಿಜದಿಂದಲೇ ಬಂದಿತ್ತು. ಊರು ನಿಜ, ಅಳುವ ದನಿಯ ಮಾದರಿ ನಿಜ, ದೊಡ್ಡವರ ಮಾತಿನ ಧಾಟಿ ನಿಜ. ಮಂಗಳ ಗ್ರಹದವರಷ್ಟೇ ಸುಳ್ಳು.

ಕೇಳಿದವರು ದಡ್ಡರಾಗಿರಲಿಲ್ಲ

ನಂಬಿದವರನ್ನು ನೋಡಿ ನಗುವುದು ಸುಲಭ. ಅವರ ಸ್ಥಿತಿ ನೋಡಿ. ಹಿಂದಿನ ತಿಂಗಳಷ್ಟೇ ಯೂರೋಪಿನಲ್ಲಿ ಯುದ್ಧ ಶುರುವಾಗುತ್ತದೆ ಎಂಬ ಭಯವಿತ್ತು. ಹಿಟ್ಲರ್ ಚೆಕೊಸ್ಲೊವಾಕಿಯಾದ ಮೇಲೆ ಕಣ್ಣಿಟ್ಟಿದ್ದ. ಆಗೆಲ್ಲ ರೇಡಿಯೊದಲ್ಲಿ ಕಾರ್ಯಕ್ರಮ ನಿಲ್ಲಿಸಿ ತುರ್ತು ವಾರ್ತೆ ಹೇಳುವುದು ರೂಢಿಯಾಗಿತ್ತು. ನಾಟಕ ಬಳಸಿಕೊಂಡದ್ದು ಅದೇ ರೂಢಿಯನ್ನು. ಶುರುವಿನಲ್ಲಿ ಇದು ನಾಟಕ ಎಂದು ಹೇಳಿದ್ದರು ನಿಜ. ಆದರೆ ನಡುವೆ ರೇಡಿಯೊ ಹಾಕಿದವರಿಗೆ ಅದು ಗೊತ್ತಿಲ್ಲ. ಆ ಸರಣಿಗೆ ಪ್ರಾಯೋಜಕರಿರಲಿಲ್ಲ, ಹಾಗಾಗಿ ಜಾಹೀರಾತಿನ ಬಿಡುವೂ ಇರಲಿಲ್ಲ. ಇದು ನಾಟಕ ಎಂದು ಮತ್ತೆ ಹೇಳುವ ಹೊತ್ತಿಗೆ ಸುಮಾರು ನಲವತ್ತು ನಿಮಿಷ ಕಳೆದಿತ್ತು.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಮನಶ್ಶಾಸ್ತ್ರಜ್ಞರು ಇದರ ಬಗ್ಗೆ 1940ರಲ್ಲಿ ಪುಸ್ತಕ ಬರೆದರು. ಅವರು ಕೇಳುಗರನ್ನು ಮಾತಾಡಿಸಿ ನೋಡಿದರು. ಕೆಲವರು ಬೇರೆ ಸ್ಟೇಷನ್ ತಿರುಗಿಸಿ ನೋಡಿದರು, ಅಲ್ಲಿ ಎಂದಿನ ಹಾಡು ಬರುತ್ತಿತ್ತು, ಸಮಾಧಾನವಾಯಿತು. ಕೆಲವರು ಪತ್ರಿಕೆಯಲ್ಲಿ ಕಾರ್ಯಕ್ರಮ ಪಟ್ಟಿ ನೋಡಿದರು. ಇನ್ನು ಕೆಲವರು ಏನನ್ನೂ ನೋಡದೆ ಓಡಿದರು. ಹೆದರಿದ್ದರಲ್ಲಿ ತಪ್ಪಿಲ್ಲ. ಹೆದರಿದ ಮೇಲೆ ಏನು ಮಾಡಿದರು ಎಂಬುದರಲ್ಲಿ ವ್ಯತ್ಯಾಸ ಇತ್ತು.

ನಮ್ಮಲ್ಲೂ ದನಿಯನ್ನು ನಂಬುವ ಅಭ್ಯಾಸ ಹಳೆಯದು. ಕಂಸನಿಗೆ ಅಶರೀರವಾಣಿ ಕೇಳಿತು ಎಂದು ಊರಿನ ನಾಟಕಗಳಲ್ಲಿ ನೋಡಿ ಬೆಳೆದವರು ನಾವು. ಮೈಯಿಲ್ಲದ ಆ ಮಾತು ಪುರಾಣದಲ್ಲಿ ಸುಳ್ಳಾಗುವುದಿಲ್ಲ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಕೇಂದ್ರ ಶುರು ಮಾಡಿದಾಗ ಅದಕ್ಕೆ ಬಂದ ಹೆಸರೂ ಆಕಾಶವಾಣಿ. ಆ ಹೆಸರಿನ ಗೌರವಕ್ಕೆ ಕಾರಣವಿದೆ. ಅಲ್ಲಿ ಯಾರು ಮಾತಾಡುತ್ತಿದ್ದಾರೆ, ಯಾವ ಕೇಂದ್ರ, ಎಷ್ಟು ಗಂಟೆ ಎಂದು ಹೇಳಿಯೇ ಮಾತು ಶುರುವಾಗುತ್ತದೆ. ವಾಟ್ಸಾಪಿನ ವಾಯ್ಸ್‌ಗೆ ಆ ಮೂರೂ ಇಲ್ಲ. ಆದರೆ ನಂಬಿಕೆ ಮಾತ್ರ ಅಷ್ಟೇ ಸಿಗುತ್ತಿದೆ.

ಪತ್ರಿಕೆಗಳು ಮಾಡಿದ ಕೆಲಸ

ಈಗ ಕಥೆಯ ಇನ್ನರ್ಧ. ಮಾರನೆಯ ದಿನ ಅಮೆರಿಕದ ಪತ್ರಿಕೆಗಳ ಮುಖಪುಟದಲ್ಲಿ ಇದೇ ಸುದ್ದಿ. ದೇಶಕ್ಕೆ ದೇಶವೇ ಬೀದಿಗೆ ಬಂತು ಎನ್ನುವಂತೆ ಬರೆದರು. ಇವತ್ತಿಗೂ ಹಲವರು ಅದನ್ನೇ ಹೇಳುತ್ತಾರೆ. ಆದರೆ ಅದೇ ರಾತ್ರಿ ಹೂಪರ್ ಎಂಬ ಸಮೀಕ್ಷಾ ಸಂಸ್ಥೆ ಸುಮಾರು 5,000 ಮನೆಗಳಿಗೆ ಫೋನ್ ಮಾಡಿ ಯಾವ ಕಾರ್ಯಕ್ರಮ ಕೇಳುತ್ತಿದ್ದೀರಿ ಎಂದು ವಿಚಾರಿಸಿತ್ತು. ಈ ನಾಟಕ ಕೇಳುತ್ತಿದ್ದವರು ಶೇಕಡಾ 2 ಮಾತ್ರ. ಹೆಚ್ಚು ಜನ ಕೇಳುತ್ತಿದ್ದದ್ದು ಇನ್ನೊಂದು ಸ್ಟೇಷನ್ನಿನ ಹಾಸ್ಯ ಕಾರ್ಯಕ್ರಮವನ್ನು. ಹೆದರಿದವರು ಇದ್ದರು, ಪೊಲೀಸರಿಗೆ, ಪತ್ರಿಕೆಗಳಿಗೆ ಫೋನ್ ಮಾಡಿದವರು ಬಹಳ ಜನ ಇದ್ದರು. ಆದರೆ ನಾಟಕದಿಂದ ಯಾರಾದರೂ ಸತ್ತದ್ದು ಖಚಿತವಾಗಲಿಲ್ಲ.

ಮತ್ತೆ ಪತ್ರಿಕೆಗಳು ಯಾಕೆ ಹಾಗೆ ಬರೆದವು? ಆಗ ರೇಡಿಯೊ ಪತ್ರಿಕೆಗಳ ಜಾಹೀರಾತು ಕಸಿಯುತ್ತಿತ್ತು. ರೇಡಿಯೊವನ್ನು ನಂಬಬೇಡಿ ಎಂದು ಹೇಳಲು ಪತ್ರಿಕೆಗಳಿಗೆ ಇದೊಂದು ಅವಕಾಶ ಸಿಕ್ಕಿತು ಎಂದು ಮುಂದೆ ಸಂಶೋಧನೆ ಮಾಡಿದವರು ಹೇಳುತ್ತಾರೆ. ನಾಟಕದ ಸುಳ್ಳನ್ನು ಬಯಲು ಮಾಡುತ್ತೇವೆ ಎಂದವರೇ ಇನ್ನೊಂದು ಉತ್ಪ್ರೇಕ್ಷೆ ಹುಟ್ಟಿಸಿದರು.

ಇನ್ನೂ ಒಂದು ಮಾತು. ಪ್ರಾಯೋಜಕರೇ ಇಲ್ಲದ ಆ ಸರಣಿಗೆ ಈ ಗಲಾಟೆ ಆದ ಮೇಲೆ ಸೂಪ್ ಮಾರುವ ದೊಡ್ಡ ಕಂಪನಿಯೊಂದು ಪ್ರಾಯೋಜಕನಾಗಿ ಬಂತು. ಡಿಸೆಂಬರ್ ಹೊತ್ತಿಗೆ ಸರಣಿಯ ಹೆಸರೂ ಆ ಕಂಪನಿಯದ್ದಾಯಿತು. ಹೆದರಿಕೆಗೆ ಮಾರುಕಟ್ಟೆ ಇದೆ. ಅದು ಅವತ್ತೂ ಇತ್ತು, ಇವತ್ತೂ ಇದೆ. ಹಳೆಯ ಆನೆ ವಿಡಿಯೊಗೆ "ಈಗಷ್ಟೇ" ಎಂದು ಹೆಸರಿಟ್ಟು ಯೂಟ್ಯೂಬಿಗೆ ಹಾಕುವವರಿಗೆ ಇದು ಚೆನ್ನಾಗಿ ಗೊತ್ತು. "ಬೆಚ್ಚಿಬಿದ್ದ ಗ್ರಾಮಸ್ಥರು" ಎಂದು ಶೀರ್ಷಿಕೆ ಕೊಡುವ ನಮ್ಮ ವೃತ್ತಿಯವರಿಗೂ ಗೊತ್ತು. ವಾಟ್ಸಾಪಿನವರಿಗೆ ಬುದ್ಧಿ ಹೇಳುವ ಮೊದಲು ನಾವು ವರದಿಗಾರರು ಈ ಶೀರ್ಷಿಕೆಗಳನ್ನು ಬಿಡಬೇಕು.

ಪೊಲೀಸರು ಎಲ್ಲಿಗೆ ಹೋಗಿದ್ದರು?

ಇದೇ ನಾಟಕ 1949ರ ಫೆಬ್ರವರಿ 12ರಂದು ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ರಾಜಧಾನಿ ಕೀಟೊದಲ್ಲಿ ಸ್ಪ್ಯಾನಿಷ್ ಭಾಷೆಯಲ್ಲಿ ಪ್ರಸಾರವಾಯಿತು. ಊರುಗಳ ಹೆಸರೆಲ್ಲ ಅಲ್ಲಿನವೇ. ಜನ ನಂಬಿ ಬೀದಿಗೆ ಬಂದರು. ಸೈನಿಕರು, ಪೊಲೀಸರು ಶತ್ರುವನ್ನು ಎದುರಿಸಲು ಪಕ್ಕದ ಕೊಟೊಕೊಯಾವೊ ಕಡೆ ಹೊರಟರು. ಇದು ನಾಟಕ ಎಂದು ಗೊತ್ತಾದ ಮೇಲೆ ಜನರ ಭಯ ಸಿಟ್ಟಾಯಿತು. ರೇಡಿಯೊ ಕೇಂದ್ರವಿದ್ದ ಕಟ್ಟಡಕ್ಕೆ ಕಲ್ಲು ಹೊಡೆದು ಬೆಂಕಿ ಹಚ್ಚಿದರು. ಆ ಊರಿನ ದೊಡ್ಡ ಪತ್ರಿಕೆಯ ಕಚೇರಿಯೂ ಅದೇ ಕಟ್ಟಡದಲ್ಲಿತ್ತು. ಕನಿಷ್ಠ ಆರು ಜನ ಸತ್ತರು. ನೆರವಿಗೆ ಬರಬೇಕಾದ ಪೊಲೀಸರು ಸುಳ್ಳು ಶತ್ರುವನ್ನು ಹುಡುಕಿಕೊಂಡು ಹೋಗಿದ್ದರಿಂದ ನಿಜವಾದ ಬೆಂಕಿಯ ಹತ್ತಿರ ಬರಲು ತಡವಾಯಿತು.

ನಮ್ಮ ಭಾಗಕ್ಕೆ ಮುಖ್ಯವಾದ ಪಾಠ ಇದು. ಸುಳ್ಳು ಸುದ್ದಿಯ ದೊಡ್ಡ ನಷ್ಟ ಗಾಬರಿಯಲ್ಲ. ನೆರವು ಬೇಕಾದ ಜಾಗ ಬಿಟ್ಟು ಬೇಡವಾದ ಜಾಗಕ್ಕೆ ಹೋಗುವುದೇ ದೊಡ್ಡ ನಷ್ಟ. ಆನೆ ಕಾರ್ಯಪಡೆಯವರಿಗೆ ಇರುವುದು ಎಣಿಸಿದಷ್ಟು ಜನ, ಎಣಿಸಿದಷ್ಟು ಜೀಪು. ಹಳೆಯ ವಾಯ್ಸ್ ನಂಬಿ ಒಂದು ಊರಿನವರು ಹತ್ತು ಫೋನ್ ಮಾಡಿದರೆ, ಜೀಪು ಆ ಕಡೆ ತಿರುಗುತ್ತದೆ. ಅದೇ ಹೊತ್ತಿಗೆ ಆನೆ ಇನ್ನೊಂದು ಕಡೆ ಲೈನ್ ಮನೆಗಳ ಹಿಂದೆ ನಿಂತಿರಬಹುದು.

ಕರ್ನಾಟಕದಲ್ಲೂ ಇಂಥದ್ದು ನಡೆದಿದೆ. 2012ರ ಆಗಸ್ಟಿನಲ್ಲಿ ಎಸ್‌ಎಂಎಸ್ ವದಂತಿ ನಂಬಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ರೈಲು ಹತ್ತಿದರು. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದು ಇನ್ನೂ ಘೋರ. ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಸುದ್ದಿ ವಾಟ್ಸಾಪಿನಲ್ಲಿ ಅವರಿಗಿಂತ ಮುಂದೆ ಹೋಯಿತು. ಮುರ್ಕಿಯಲ್ಲಿ ರಸ್ತೆಗೆ ಅಡ್ಡ ಕಟ್ಟಿದರು, ಕಾರು ಹಳ್ಳಕ್ಕೆ ಬಿತ್ತು, ಜನ ಹೊಡೆದರು. ಒಬ್ಬ ಯುವ ಎಂಜಿನಿಯರ್ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಗ್ರೂಪಿನ ಅಡ್ಮಿನ್ ಸೇರಿ ಮೂವತ್ತಕ್ಕೂ ಹೆಚ್ಚು ಜನರ ಬಂಧನವಾಯಿತು. ಕಳ್ಳನೂ ಇರಲಿಲ್ಲ, ಕದ್ದ ಮಗುವೂ ಇರಲಿಲ್ಲ. ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದೇ ಕಡೆಗೆ ಕಳಿಸುವ ಮಿತಿ ಘೋಷಿಸಿತು. ಮಿತಿ ಹಾಕಿದರೂ ಕೈ ನಮ್ಮದೇ ತಾನೆ?

"ಸುಳ್ಳಾದರೂ ಎಚ್ಚರಿಕೆ ತಾನೆ?"

ಈ ವಿಷಯ ಎತ್ತಿದಾಗಲೆಲ್ಲ ನನಗೆ ಸಿಗುವ ಉತ್ತರ ಒಂದೇ. "ಆನೆ ಬಂದಿಲ್ಲ ಅಂತಲೇ ಇಟ್ಟುಕೊಳ್ಳಿ ಸಾರ್, ಜನ ಹುಷಾರಾಗಿದ್ದರೆ ಏನು ನಷ್ಟ? ಸುಮ್ಮನಿದ್ದು ಜೀವ ಹೋಗುವುದಕ್ಕಿಂತ ಮೇಲಲ್ವಾ?"

ಈ ಮಾತನ್ನು ತಳ್ಳಿಹಾಕಲು ಆಗುವುದಿಲ್ಲ. ಬೇಲೂರು, ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ಆನೆಗೆ ಸಿಕ್ಕಿ ಸತ್ತವರ ಮನೆಗಳಿಗೆ ಹೋಗಿ ಬಂದವರಿಗೆ ಈ ಮಾತಿನ ಹಿಂದಿನ ಸಂಕಟ ಗೊತ್ತಾಗುತ್ತದೆ. ಆದರೂ ನಷ್ಟ ಇದೆ, ಅದು ಎಲ್ಲರಿಗೂ ಸಮವಾಗಿ ಬೀಳುವುದಿಲ್ಲ. ಸುಳ್ಳು ವಾಯ್ಸ್ ಬಂದ ದಿನ ತೋಟದ ಮಾಲೀಕರಿಗೆ ಒಂದು ದಿನದ ಕೆಲಸ ಹಿಂದೆ ಬೀಳುತ್ತದೆ. ದಿನಗೂಲಿಯವರಿಗೆ ಅವತ್ತಿನ ಕೂಲಿಯೇ ಇಲ್ಲ. ಮಕ್ಕಳಿಗೆ ಶಾಲೆ ಇಲ್ಲ. ಎರಡನೇ ಸಲವೂ ಹೀಗಾದರೆ ಆ ಹೆಂಗಸು ಯೋಚಿಸುತ್ತಾಳೆ. ಮೂರನೇ ಸಲ, "ಇದು ದಿನಾ ಇದ್ದದ್ದೇ" ಎಂದು ಬುತ್ತಿ ಹಿಡಿದು ಹೊರಡುತ್ತಾಳೆ. ಆನೆ ನಿಜವಾಗಿ ಬಂದಿರುವುದು ಆ ಮೂರನೇ ದಿನ ಆಗಿದ್ದರೆ?

ತೋಳ ಬಂತು ತೋಳ ಎಂದು ಕೂಗಿದ ಕುರಿ ಕಾಯುವ ಹುಡುಗನ ಕಥೆ ಎಲ್ಲರಿಗೂ ಗೊತ್ತು. ಅಲ್ಲಿ ಸುಳ್ಳು ಹೇಳಿದವನ ಕುರಿಯೇ ಹೋಯಿತು. ನಮ್ಮಲ್ಲಿ ಹಾಗಲ್ಲ. ಫಾರ್ವರ್ಡ್ ಮಾಡುವವನು ಮನೆಯಲ್ಲಿ ಕೂತಿರುತ್ತಾನೆ, ಹೋಗುವುದು ಇನ್ನೊಬ್ಬರ ಜೀವ.

ಎಲ್ಲವನ್ನೂ ನಂಬುವವರಿಗಿಂತ ಏನನ್ನೂ ನಂಬದವರು ಬುದ್ಧಿವಂತರು ಎಂದು ತಿಳಿಯಬೇಡಿ. ಆನೆ ಇರುವ ಕಡೆ ಇಬ್ಬರಿಗೂ ಅಪಾಯ ಒಂದೇ.

ಹಾಗಾದರೆ ಏನು ಮಾಡಬೇಕು?

ಕೆಲವರು ಗ್ರೂಪುಗಳನ್ನೇ ಮುಚ್ಚಿ ಎನ್ನುತ್ತಾರೆ. ಅದು ಪರಿಹಾರವಲ್ಲ. 1938ರ ನಾಟಕದ ಬಗ್ಗೆ ಅಲ್ಲಿನ ಸರ್ಕಾರಿ ಸಂಪರ್ಕ ಆಯೋಗ ವಿಚಾರಣೆ ಮಾಡಿತು, ಆದರೆ ಶಿಕ್ಷೆ ಕೊಡಲಿಲ್ಲ, ರೇಡಿಯೊ ನಾಟಕ ನಿಲ್ಲಿಸಲೂ ಇಲ್ಲ. ದನಿ ನಮ್ಮ ಜನಕ್ಕೆ ಬೇಕು. ಓದಲು ಬರದ ಅಜ್ಜಿಗೂ, ಕೈತುಂಬ ಕೆಲಸ ಇರುವ ಕಾರ್ಮಿಕರಿಗೂ ವಾಯ್ಸ್ ಮೆಸೇಜ್‌ನಷ್ಟು ಉಪಯೋಗ ಬರೆದ ಮೆಸೇಜಿನಿಂದ ಇಲ್ಲ. ಆನೆ ಕಾವಲಿಗೆ ಧ್ವನಿ ಬಳಸುವುದು ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. ಸಕಲೇಶಪುರ, ಆಲೂರು ಕಡೆ ಅರಣ್ಯ ಇಲಾಖೆ ಮತ್ತು ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸೇರಿ ಎಸ್‌ಎಂಎಸ್, ಧ್ವನಿ ಕರೆ, ಸೂಚನಾ ದೀಪ, ಫಲಕಗಳ ಮೂಲಕ ಆನೆ ಇರುವ ಜಾಗ ತಿಳಿಸುವ ವ್ಯವಸ್ಥೆ ಮಾಡಿವೆ. ಆನೆಗಳಿಗೆ ರೇಡಿಯೊ ಕಾಲರ್ ಹಾಕಿ ಹಿಂಡು ಎಲ್ಲಿದೆ ಎಂದು ನೋಡುವ ಕೆಲಸವೂ ನಡೆದಿದೆ. ವ್ಯವಸ್ಥೆಯ ದನಿ ತಡವಾಗಿ ಬಂದಾಗ ವದಂತಿಯ ದನಿ ಮುಂದೆ ಬರುತ್ತದೆ. ಆದ್ದರಿಂದ ಜವಾಬ್ದಾರಿ ಜನರ ಮೇಲೆ ಮಾತ್ರ ಹೊರಿಸುವಂತಿಲ್ಲ.

ನನ್ನ ಅಭಿಪ್ರಾಯದಲ್ಲಿ ಮೂರು ಕೆಲಸ ಆಗಬೇಕು.

ಒಂದು, ವಾಯ್ಸ್ ಹಾಕುವವರು ರೇಡಿಯೊದವರಂತೆ ಮಾತು ಶುರು ಮಾಡಬೇಕು. ಹೆಸರು, ಊರು, ತಾರೀಕು, ಗಂಟೆ, ಆಮೇಲೆ ಸುದ್ದಿ. ಕಣ್ಣಾರೆ ಕಂಡದ್ದೋ, ಯಾರೋ ಹೇಳಿದ್ದೋ ಅದನ್ನೂ ಹೇಳಬೇಕು. ಹತ್ತು ಸೆಕೆಂಡಿನ ಕೆಲಸ. ಇದಿಲ್ಲದ ವಾಯ್ಸ್ ಬಂದರೆ ಫಾರ್ವರ್ಡ್ ಮಾಡಬೇಡಿ. ಹಾಕಿದವರಿಗೇ ಫೋನ್ ಮಾಡಿ "ಎಲ್ಲಿ ಕಂಡಿರಿ?" ಎಂದು ಕೇಳಿ. ಮೆಸೇಜಿನ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಬಹಳ ಕೈ ದಾಟಿ ಬಂದದ್ದು ಎಂದು ಅರ್ಥ. ಅಂಥದ್ದು ನಿಮ್ಮೂರಿನ ಇವತ್ತಿನ ಸುದ್ದಿ ಆಗಿರುವುದು ಅಪರೂಪ.

ಎರಡು, ಇಲಾಖೆಯ ಸಿಬ್ಬಂದಿ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಹೊತ್ತಿಗೆ ಮುಂಚೆ, ಸಂಜೆ ವಾಪಸಾಗುವ ಹೊತ್ತಿಗೆ ಮುಂಚೆ ತಮ್ಮ ದನಿಯಲ್ಲೇ ಊರುಗಳ ಹೆಸರು ಹೇಳಿ ಮೆಸೇಜ್ ಹಾಕಬೇಕು. ಆನೆ ಇಲ್ಲದಿದ್ದರೆ ಇಲ್ಲ ಎಂದೂ ಹೇಳಬೇಕು. ಆನೆ ಬಂತು ಎಂದು ಹೇಳುವವರು ನೂರು ಜನ, ದಾಟಿ ಹೋಯಿತು ಎಂದು ಹೇಳುವವರು ಯಾರೂ ಇಲ್ಲ. ಪಂಚಾಯಿತಿಯವರು ಇದಕ್ಕೆಂದೇ, ಸಿಬ್ಬಂದಿ ಮಾತ್ರ ಮೆಸೇಜ್ ಹಾಕುವ ಒಂದು ಗ್ರೂಪ್ ಇಡಬಹುದು. ತುರ್ತಿದ್ದರೆ ಅರಣ್ಯ ಇಲಾಖೆಯ 1926, ಪೊಲೀಸರ 112 ಇದ್ದೇ ಇವೆ. ಅಲ್ಲಿಗೆ ಫೋನ್ ಮಾಡುವಾಗಲೂ ಹೆಸರು, ಜಾಗ, ಗಂಟೆ ಹೇಳಿ.

ಮೂರು, ಶಾಲೆಗಳಲ್ಲಿ ಮಕ್ಕಳಿಂದ ಬಾನುಲಿ ನಾಟಕ ಮಾಡಿಸಬೇಕು. ಇದು ಆಟದ ಮಾತಲ್ಲ. ತೆಂಗಿನ ಚಿಪ್ಪಿನಿಂದ ಕುದುರೆ ಓಟದ ಸದ್ದು, ಕಾಗದ ಮುದುರಿ ಬೆಂಕಿಯ ಸದ್ದು ತಾವೇ ಮಾಡಿದ ಮಕ್ಕಳಿಗೆ ದನಿಯನ್ನು ಹೇಗೆ ಕಟ್ಟುತ್ತಾರೆ ಎಂದು ಗೊತ್ತಾಗುತ್ತದೆ. ಮಂಗಳ ಗ್ರಹದವರು ಬೇಲೂರಿಗೆ ಬಂದರು ಎಂದೇ ನಾಟಕ ಮಾಡಲಿ. ಶುರುವಿನಲ್ಲಿ, ನಡುವೆ, ಕೊನೆಯಲ್ಲಿ ಇದು ನಾಟಕ ಎಂದು ಹೇಳಲಿ. 1938ರಲ್ಲಿ ದೊಡ್ಡವರ ದನಿ ಅನುಕರಿಸಲು ನುರಿತ ನಟ ಬೇಕಿತ್ತು. ಇವತ್ತು ಫೋನಿನಲ್ಲಿರುವ ಎಐ ಆ್ಯಪ್ ಯಾರ ದನಿಯನ್ನಾದರೂ ತೆಗೆಯುತ್ತದೆ. ನಾಳೆ ಅರಣ್ಯಾಧಿಕಾರಿಯ ದನಿಯಲ್ಲೇ ಸುಳ್ಳು ವಾಯ್ಸ್ ಬಂದರೆ ಅದನ್ನು ಮೊದಲು ಅನುಮಾನಿಸಬೇಕಾದವರು ಈ ಮಕ್ಕಳೇ.

ಆ ನಾಟಕದ ಕೊನೆಯಲ್ಲಿ ಮಂಗಳ ಗ್ರಹದವರನ್ನು ಸೈನ್ಯ ಸೋಲಿಸುವುದಿಲ್ಲ. ಕಣ್ಣಿಗೆ ಕಾಣದ ರೋಗಾಣುಗಳಿಂದ ಅವರು ಸಾಯುತ್ತಾರೆ. ನಮ್ಮ ಆನೆ ಸಮಸ್ಯೆಗೆ ಅಂಥ ಸುಲಭದ ಕೊನೆ ಇಲ್ಲ. ಕಾಡು, ತೋಟ, ಪರಿಹಾರದ ಹಣ, ಆನೆ ಸ್ಥಳಾಂತರ, ಇವೆಲ್ಲ ಸರ್ಕಾರದ ಮುಂದಿರುವ ದೊಡ್ಡ ಪ್ರಶ್ನೆಗಳು, ಅವುಗಳನ್ನು ಕೇಳುತ್ತಲೇ ಇರೋಣ. ಆದರೆ ನಾಳೆ ಬೆಳಿಗ್ಗೆ ಗ್ರೂಪಿಗೆ ಬರುವ ವಾಯ್ಸ್ ಮೆಸೇಜಿನಲ್ಲಿ ಒಂದು ಹೆಸರು, ಒಂದು ಊರು, ಒಂದು ಗಂಟೆ ಇರುವಂತೆ ಮಾಡಲು ಸರ್ಕಾರ ಬೇಕಾಗಿಲ್ಲ. ಅದನ್ನು ನಾವೇ ಮಾಡಬಹುದು.